ಏಳು ಚುಕ್ಕೆಯ ವಿಧಾನಸೌಧ

ವಿಧಾನಸೌಧ ಎಂದೊಡನೆ ಕಣ್ಣ ಮುಂದೆ ಬರುವುದು ಅದರ ಮುಂಭಾಗ. ಪೂರ್ವಕ್ಕೆ ಇಳಿಯುವ ಅಗಲವಾದ ಮೆಟ್ಟಿಲುಗಳು, ಕಲ್ಲುಕಂಬಗಳ ಸಾಲು, ನೆತ್ತಿಯ ಮೇಲೆ ಗುಮ್ಮಟ, ಗುಮ್ಮಟದ ತುದಿಗೆ ಸಿಂಹಲಾಂಛನ. ಗೂಗಲ್ ಅರ್ಥ್ ತೆರೆದು ಅದೇ ಕಟ್ಟಡದ ಮೇಲೆ ಬಂದು ನಿಂತರೆ ಇವುಗಳಲ್ಲಿ ಹೆಚ್ಚಿನವು ಮಾಯ. ಕಂಬ ಕಾಣದು, ಗೋಡೆಯ ಮೇಲಿನ ‘ಸರ್ಕಾರದ ಕೆಲಸ ದೇವರ ಕೆಲಸ’ ಕಾಣದು. ಸುಮಾರು 700 ಅಡಿ ಉದ್ದ, 350 ಅಡಿ ಅಗಲದ ಒಂದು ಆಯತ ಉಳಿಯುತ್ತದೆ.

ಪ್ರಸಿದ್ಧ ತಾಣಗಳನ್ನು ಉಪಗ್ರಹ ಚಿತ್ರಗಳಲ್ಲಿ ಹುಡುಕಲು ಹೊರಟವರಿಗೆ ಮೊದಲು ಎದುರಾಗುವುದು ಇಂಥ ಸಣ್ಣ ನಿರಾಸೆ. ತಾಜ್‌ಮಹಲ್ ಒಂದು ಬಿಳಿ ಚೌಕ, ಐಫೆಲ್ ಗೋಪುರ ನಾಲ್ಕು ಕಾಲುಗಳ ಒಂದು ಜಾಲರಿ. ಆದರೆ ಕಳೆದುಕೊಂಡದ್ದರ ಬದಲಿಗೆ ಸಿಗುವುದೂ ಇದೆ. ಪರದೆಯ ಮೇಲಿರುವ ಅಳತೆಪಟ್ಟಿಯನ್ನು ಗಿಜಾದ ಮಹಾ ಪಿರಮಿಡ್ಡಿನ ಒಂದು ಬದಿಗೆ ಹಿಡಿದರೆ 230 ಮೀಟರ್ ಬರುತ್ತದೆ. ಅದನ್ನೇ ಅಂಬೇಡ್ಕರ್ ವೀಧಿಗೆ ತಂದು ಹಿಡಿದರೆ ವಿಧಾನಸೌಧ 213 ಮೀಟರ್. ಎರಡರ ಎದುರಿಗೂ ನಿಂತು ಬಂದವರಿಗೂ ಈ ಹೋಲಿಕೆ ಹೊಳೆದಿರಲಾರದು. ನೆಲದ ಮೇಲೆ ನಾವು ಕಟ್ಟಡದ ಗಾಂಭೀರ್ಯಕ್ಕೆ ಮರುಳಾಗುತ್ತೇವೆ. ಮೇಲಿನಿಂದ ಅದರ ಅಳತೆ, ದಿಕ್ಕು, ನೆರೆಹೊರೆ ಕಾಣುತ್ತವೆ. ಉಪಗ್ರಹ ಚಿತ್ರವನ್ನು ನೋಡಿದರೆ ಸಾಲದು, ಓದಬೇಕು. ಓದಲು ಬಂದರೆ ನಮ್ಮ ಬೆಂಗಳೂರಿನ ಅತಿ ದೊಡ್ಡ ಹೆಗ್ಗುರುತುಗಳು ಕಟ್ಟಡಗಳೇ ಅಲ್ಲ ಎಂಬುದೂ ಗೊತ್ತಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಚುಕ್ಕೆಯ ಲೆಕ್ಕ. ಉಪಗ್ರಹ ಚಿತ್ರವೆಂದರೆ ಚೌಕ ಚುಕ್ಕೆಗಳ ಹಾಸು. ಒಂದೊಂದು ಚುಕ್ಕೆಯೂ, ಅಂದರೆ ಪಿಕ್ಸೆಲ್ಲೂ, ನೆಲದ ಒಂದು ತುಂಡಿನಿಂದ ಬಂದ ಬೆಳಕಿನ ಸರಾಸರಿ. 1984ರಲ್ಲಿ ಹಾರಿದ ಅಮೆರಿಕದ ಲ್ಯಾಂಡ್‌ಸ್ಯಾಟ್-5ರ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅದರ ಪಾಲಿಗೆ ವಿಧಾನಸೌಧ ಉದ್ದಕ್ಕೆ ಏಳು ಚುಕ್ಕೆ, ಅಗಲಕ್ಕೆ ಮೂರೂವರೆ. 1988ರ ಮಾರ್ಚ್‌ನಲ್ಲಿ ಬೈಕನೂರಿನಿಂದ ಸೋವಿಯತ್ ರಾಕೆಟ್ ಏರಿ ಹೋದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಮೊದಲ ಕ್ಯಾಮೆರಾದ್ದು 72.5 ಮೀಟರಿನ ಪಿಕ್ಸೆಲ್. ಅದಕ್ಕೆ ಮೂರು ಚುಕ್ಕೆ. ಯುರೋಪಿನ ಸೆಂಟಿನೆಲ್-2ರ 10 ಮೀಟರಿನಲ್ಲಿ ಇಪ್ಪತ್ತೊಂದು. 2019ರಲ್ಲಿ ಇಸ್ರೊ ಹಾರಿಸಿದ ಕಾರ್ಟೊಸ್ಯಾಟ್-3ರ ಕಪ್ಪುಬಿಳುಪು ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಎಂದರೆ 25 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ಅದೇ ಕಟ್ಟಡಕ್ಕೆ ಈಗ ಎಂಟುನೂರೈವತ್ತು ಚುಕ್ಕೆ. ಮೂರರಿಂದ ಎಂಟುನೂರೈವತ್ತಕ್ಕೆ ಬರಲು ನಮಗೆ ಹಿಡಿದದ್ದು 31 ವರ್ಷ. ಇವುಗಳಲ್ಲಿ ನಮ್ಮ ಉಪಗ್ರಹಗಳು ರೂಪುಗೊಂಡದ್ದು ಇದೇ ಊರಿನಲ್ಲಿ, ಹಳೇ ಏರ್‌ಪೋರ್ಟ್ ರಸ್ತೆಯ ಇಸ್ರೊ ಕೇಂದ್ರದಲ್ಲಿ. ಅದಕ್ಕೂ ಮುಂಚಿನ ಆರ್ಯಭಟ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿತ್ತು. ಬೆಂಗಳೂರನ್ನು ಮೇಲಿನಿಂದ ನೋಡುವ ಕಣ್ಣುಗಳು ಬೆಂಗಳೂರಿನಲ್ಲೇ ಹುಟ್ಟಿದವು ಎಂಬುದು ನನಗೆ ಹೆಮ್ಮೆಯ ಸಂಗತಿ.

ಪಿಕ್ಸೆಲ್ಲಿಗಿಂತ ಸಣ್ಣದು ಕಾಣುವುದೇ ಇಲ್ಲ ಎಂದೂ ಹೇಳುವಂತಿಲ್ಲ. ಹತ್ತು ಹದಿನೈದು ಮೀಟರ್ ಅಗಲದ ಡಾಂಬರು ರಸ್ತೆ ಹಸಿರು ಹೊಲದ ನಡುವೆ ಹಾದಿದ್ದರೆ 30 ಮೀಟರಿನ ಚಿತ್ರದಲ್ಲೂ ಗೆರೆಯಾಗಿ ತೋರುತ್ತದೆ. ಸರಾಸರಿಯಲ್ಲಿ ತನ್ನ ಬಣ್ಣದ ಪಾಲನ್ನು ಬೆರೆಸಿದರೆ ಸಾಕು. ಚೀನಾದ ಮಹಾಗೋಡೆ ಅಷ್ಟು ಉದ್ದವಿದ್ದೂ ಗುರುತು ಹಿಡಿಯಲು ಕಷ್ಟವಾಗುವುದು ಈ ಕಾರಣಕ್ಕೆ. ಅದರ ಅಗಲ ಕೆಲವೇ ಮೀಟರ್, ಬಣ್ಣವೋ ಸುತ್ತಲಿನ ಮಣ್ಣುಕಲ್ಲಿನದೇ. ದೇವನಹಳ್ಳಿಯ ವಿಮಾನ ನಿಲ್ದಾಣದ ರನ್‌ವೇ ಮಾತ್ರ ನಾಲ್ಕು ಕಿಲೋಮೀಟರ್ ಉದ್ದಕ್ಕೆ ಸ್ಪಷ್ಟವಾಗಿ ಮಲಗಿದೆ. ಹತ್ತಿರ ಹೋದರೆ ಅದರ ತುದಿಗಳಲ್ಲಿ ಬರೆದ 09, 27 ಎಂಬ ಅಂಕಿಗಳನ್ನೂ ಓದಬಹುದು: 90 ಡಿಗ್ರಿ ಎಂದರೆ ಪೂರ್ವ, 270 ಎಂದರೆ ಪಶ್ಚಿಮ. ಎಚ್‌ಎಎಲ್‌ನ ಹಳೆಯ ರನ್‌ವೇಯ ಮೇಲೂ ಇವೇ ಅಂಕಿಗಳಿವೆ. ವಿಮಾನಗಳು ಗಾಳಿಗೆ ಎದುರಾಗಿ ಏರಬೇಕು, ಇಳಿಯಬೇಕು. ಬೆಂಗಳೂರಿನ ಗಾಳಿ ಮಳೆಗಾಲದಲ್ಲಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ ಬೀಸುತ್ತದೆ. ನೆಲದ ಮೇಲೆ ಬಳಿದ ಎರಡು ಅಂಕಿ ಊರಿನ ಗಾಳಿಯ ಸ್ವಭಾವವನ್ನೇ ಹೇಳುತ್ತಿವೆ.

ಆ ರನ್‌ವೇಯಿಂದ ಆಗಷ್ಟೇ ಎದ್ದ ವಿಮಾನ ಕೆಲವು ಚಿತ್ರಗಳಲ್ಲಿ ಸಿಕ್ಕಿಬೀಳುವುದುಂಟು. ಆಗ ಅದರ ಪಕ್ಕದಲ್ಲೇ ಕೆಂಪು, ಹಸಿರು, ನೀಲಿ ನೆರಳುವಿಮಾನಗಳು ಸಾಲಾಗಿ ಕಾಣುತ್ತವೆ. ಉಪಗ್ರಹ ನಮ್ಮ ಮೊಬೈಲಿನ ಹಾಗೆ ಒಂದೇ ಏಟಿಗೆ ಇಡೀ ದೃಶ್ಯವನ್ನು ಹಿಡಿಯುವುದಿಲ್ಲ. ಜೆರಾಕ್ಸ್ ಯಂತ್ರದ ಬೆಳಕಿನ ಪಟ್ಟಿ ಹಾಳೆಯ ಕೆಳಗೆ ಸರಿದಂತೆ, ಅದರ ಸಂವೇದಕಗಳ ಸಾಲು ನೆಲದ ಮೇಲೆ ಗೆರೆಗೆರೆಯಾಗಿ ಸರಿದು ಹೋಗುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಸಾಲು. ಒಂದರ ಹಿಂದೆ ಒಂದು, ಕ್ಷಣದ ಅಂತರದಲ್ಲಿ. ನಿಂತ ಕಟ್ಟಡಕ್ಕೆ ಇದರಿಂದ ಏನೂ ಆಗದು. ಹಾರುವ ವಿಮಾನ ಮಾತ್ರ ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಮುಂದೆ ಸರಿದಿರುತ್ತದೆ. ಸೆಂಟಿನೆಲ್-2 ಇರುವುದು 786 ಕಿಲೋಮೀಟರ್ ಎತ್ತರದಲ್ಲಿ. ನೆಲದ ಮೇಲೆ ಅದರ ನೋಟ ಸೆಕೆಂಡಿಗೆ ಆರೂವರೆ ಕಿಲೋಮೀಟರಿಗಿಂತ ವೇಗವಾಗಿ ಓಡುತ್ತದೆ. ದೇವನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಾರಿನಲ್ಲಿ ಅರ್ಧ ದಿನವೇ ಕಳೆದುಹೋಗಬಹುದು. ಅದಕ್ಕೆ ಆರು ಸೆಕೆಂಡು.

ಚಿತ್ರದಲ್ಲಿ ಎಲ್ಲರೂ ಮರೆಯುವ, ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ನೆರಳು. ಭೂಮಿಯನ್ನು ಗಮನಿಸುವ ಇಂಥ ಉಪಗ್ರಹಗಳಲ್ಲಿ ಬಹಳಷ್ಟು ಸೂರ್ಯನೊಂದಿಗೆ ಹೊಂದಿಕೊಂಡ ಕಕ್ಷೆಯಲ್ಲಿ ಸುತ್ತುತ್ತವೆ, ಯಾವ ಊರಿನ ಮೇಲೆ ಬಂದರೂ ಅಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತು. ಸೆಂಟಿನೆಲ್-2 ಬರುವುದು ಸೂರ್ಯನ ಲೆಕ್ಕದಲ್ಲಿ ಬೆಳಗಿನ ಹತ್ತೂವರೆಯ ಸುಮಾರಿಗೆ. ನಮ್ಮ ಗಡಿಯಾರ ಸೂರ್ಯನಿಗಿಂತ ಇಪ್ಪತ್ತು ನಿಮಿಷ ಮುಂದಿರುವುದರಿಂದ ಬೆಂಗಳೂರಿನಲ್ಲಿ ಆಗ ಹನ್ನೊಂದಕ್ಕೆ ಹತ್ತಿರ. ಮಹಾತ್ಮ ಗಾಂಧಿ ರಸ್ತೆಯ ಯುಟಿಲಿಟಿ ಬಿಲ್ಡಿಂಗನ್ನೇ ತೆಗೆದುಕೊಳ್ಳಿ. ಇಪ್ಪತ್ತೈದು ಮಹಡಿ, 106 ಮೀಟರ್ ಎತ್ತರ. ಒಂದು ಕಾಲಕ್ಕೆ ಊರಿಗೆಲ್ಲ ಅದೇ ಎತ್ತರದ ಕಟ್ಟಡ. ಡಿಸೆಂಬರಿನ ಹತ್ತೂವರೆಯ ಸೂರ್ಯನಿಗೆ ಅದರ ನೆರಳು ಸುಮಾರು 97 ಮೀಟರ್ ಉದ್ದ, ವಾಯವ್ಯದ ಕಡೆಗೆ. ಜೂನ್ ತಿಂಗಳಲ್ಲಿ ಅದೇ ಹೊತ್ತಿಗೆ 47 ಮೀಟರ್, ಅದೂ ನೈಋತ್ಯದ ಕಡೆಗೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕರ್ಕಾಟಕ ವೃತ್ತಕ್ಕಿಂತ ಬಹಳ ಕೆಳಗೆ. ಹಾಗಾಗಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಪ್ಯಾರಿಸ್ಸಿನಲ್ಲಿ ಇದು ಎಂದೂ ನಡೆಯದು. ಐಫೆಲ್ ಗೋಪುರದ ಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ಅಂದರೆ, ತಾರೀಖು ಅಳಿಸಿಹೋದ ಬೆಂಗಳೂರಿನ ಒಂದು ಚಿತ್ರ ಕೈಗೆ ಸಿಕ್ಕರೆ ನೆರಳಿನ ದಿಕ್ಕು ನೋಡಿ ಋತುವನ್ನು ಹೇಳಬಹುದು. ತಾರೀಖು, ಹೊತ್ತು ಗೊತ್ತಿದ್ದರೆ ನೆರಳನ್ನು ಅಳೆದು ಕಟ್ಟಡದ ಎತ್ತರವನ್ನೇ ಲೆಕ್ಕ ಹಾಕಬಹುದು. ಹೈಸ್ಕೂಲಿನ ತ್ರಿಕೋನಮಿತಿ ಸಾಕು.

ನೆರಳಿನ ಜೊತೆಗೆ ವಾಲುವಿಕೆಯನ್ನೂ ಗಮನಿಸಬೇಕು. ಹತ್ತಿರದ ಚಿತ್ರಗಳಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳು ಒಂದು ಪಕ್ಕಕ್ಕೆ ಒರಗಿದಂತೆ ಕಾಣುತ್ತವೆ, ಪಕ್ಕದ ಬೀದಿಯವು ಇನ್ನೊಂದು ಪಕ್ಕಕ್ಕೆ. ಉಪಗ್ರಹ ಅಥವಾ ವಿಮಾನ ನೇರ ಮೇಲಿರದೆ ಓರೆಯಾಗಿ ನೋಡಿದ್ದರ ಗುರುತು ಅದು. ಎರಡು ದಿಕ್ಕಿನ ಒರಗು ಸೇರುವ ಗೆರೆಯೇ ಎರಡು ಬೇರೆ ದಿನಗಳ ಚಿತ್ರಗಳನ್ನು ಹೊಲಿದಿರುವ ಜಾಗ. ಪರದೆಯ ಮೇಲೆ ಒಂದೇ ಎಂದು ತೋರುವ ಬೆಂಗಳೂರಿನಲ್ಲಿ ಹಲವು ದಿನಗಳು, ಕೆಲವೊಮ್ಮೆ ಹಲವು ವರ್ಷಗಳು ಸೇರಿರುತ್ತವೆ. ಮಳೆಗಾಲದ ಮೋಡ ಈ ಕ್ಯಾಮೆರಾಗಳಿಗೆ ಗೋಡೆ ಇದ್ದಂತೆಯೇ ಸರಿ. ಹಾಗಾಗಿ ಆಯ್ದು ಹೊಲಿಯುವುದು ಹೆಚ್ಚಾಗಿ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ನಿರ್ಮಲ ದಿನಗಳ ಚಿತ್ರಗಳನ್ನು. ಮೈದಾನಗಳೆಲ್ಲ ಒಣಗಿ, ಕೆರೆಗಳು ಇಳಿದಿರುವ ಕಾಲ ಅದು. ಕೆರೆಯ ವಿಸ್ತೀರ್ಣದ ಬಗ್ಗೆ ವಾದಕ್ಕಿಳಿಯುವ ಮುನ್ನ ಚಿತ್ರದ ತಾರೀಖನ್ನು ನೋಡಲೇಬೇಕು.

ಕಣ್ಣಿಗೆ ಕಾಣದ ಬೆಳಕಿನಲ್ಲೂ ಈ ಕ್ಯಾಮೆರಾಗಳು ನೋಡುತ್ತವೆ. ಆರೋಗ್ಯವಂತ ಎಲೆಗಳು ಅವಕೆಂಪು ಕಿರಣವನ್ನು ಜೋರಾಗಿ ಹಿಂದಕ್ಕೆ ಚೆಲ್ಲುತ್ತವೆ, ನೀರು ಅದನ್ನು ನುಂಗಿಬಿಡುತ್ತದೆ. ಆ ಕಿರಣಕ್ಕೆ ಕೆಂಪು ಬಣ್ಣ ಕೊಟ್ಟು ಚಿತ್ರ ಮೂಡಿಸಿದರೆ ಕಬ್ಬನ್ ಪಾರ್ಕು, ಲಾಲ್‌ಬಾಗ್ ಎರಡೂ ಕಡುಗೆಂಪಾಗಿ ಹೊಳೆಯುತ್ತವೆ. ಲಾಲ್‌ಬಾಗಿನ 240 ಎಕರೆಯ ಕೆಂಪಿನ ನಡುವೆ ಬೂದು ಕಲೆಯೊಂದು ಉಳಿಯುತ್ತದೆ: ಕೆಂಪೇಗೌಡ ಗೋಪುರ ನಿಂತಿರುವ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ಬಡಾವಣೆಗಳಲ್ಲಿ ಎದ್ದಿರುವ ಪ್ಲಾಸ್ಟಿಕ್ ಹುಲ್ಲಿನ ಟರ್ಫುಗಳು ಕಣ್ಣಿಗೆ ಎಷ್ಟು ಹಸಿರಾಗಿ ಕಂಡರೂ ಇಲ್ಲಿ ಕೆಂಪಾಗುವುದಿಲ್ಲ. ಹಲಸೂರು ಕೆರೆ ಕಪ್ಪಗೆ ಕಾಣುತ್ತದೆ. ಬೆಳ್ಳಂದೂರು ಕೆರೆಯ ಹಳೆಯ ಚಿತ್ರಗಳನ್ನು ತೆರೆದರೆ ಸುಮಾರು 900 ಎಕರೆಯ ಆ ಕೆರೆಯಲ್ಲಿ ಕಪ್ಪಿಗಿಂತ ಕೆಂಪೇ ಹೆಚ್ಚಿರುವ ತಿಂಗಳುಗಳು ಸಿಗುತ್ತವೆ. ನೀರಿನ ಮೇಲೆ ಹಬ್ಬಿದ ವಾಟರ್ ಹಯಸಿಂತ್ ಕಳೆ ಅದು, ಕೊಳಚೆಯನ್ನು ಉಂಡು ಬೆಳೆದದ್ದು. ಆ ಕೆರೆಗೆ 2017ರಲ್ಲಿ, 2018ರಲ್ಲಿ ಬೆಂಕಿ ಬಿದ್ದದ್ದು ದೇಶಕ್ಕೆಲ್ಲ ಗೊತ್ತು. ಅದಕ್ಕೂ ಬಹಳ ಮುಂಚೆಯೇ ಕೆರೆಯ ಕಾಯಿಲೆ ಆಕಾಶದಿಂದ ಕಾಣುತ್ತಿತ್ತು.

ಇನ್ನು ಬೆಂಗಳೂರಿನ ನಿಜವಾದ ಹೆಗ್ಗುರುತುಗಳ ವಿಷಯ. ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲದ, 920 ಮೀಟರ್ ಎತ್ತರದ ಈ ಊರನ್ನು ಬದುಕಿಸಿದ್ದು ಕೆರೆ. ಮೇಲಿನಿಂದ ನೋಡಿದರೆ ಕಟ್ಟಿದ ಕೆರೆಯ ಗುರುತು ತಪ್ಪುವುದಿಲ್ಲ. ಇಳಿಜಾರಿನ ಕೆಳಗಿನ ಬದಿಯಲ್ಲಿ ಏರಿ ಇರುತ್ತದೆ, ಆ ಅಂಚು ನೆಟ್ಟಗೆ ಅಥವಾ ತುಸು ಬಾಗಿ. ನೀರು ಏರಿಗೆ ಒತ್ತಿಕೊಂಡು ಅಗಲವಾಗಿ ನಿಂತು, ಮೇಲಕ್ಕೆ ಹೋದಂತೆ ಕವಲೊಡೆದು ತೆಳುವಾಗುತ್ತದೆ. ಏರಿಯ ಒಂದು ತುದಿಗೆ ಕೋಡಿ. ಕೋಡಿಯಿಂದ ಹೊರಟ ಕಾಲುವೆ ಕೆಳಗಿನ ಕೆರೆಗೆ. ಪಿಕ್ಸೆಲ್ ಎಷ್ಟೇ ಒರಟಾಗಿರಲಿ, ಈ ಆಕಾರ ಉಳಿಯುತ್ತದೆ. ಏಳು ಚುಕ್ಕೆಯ ವಿಧಾನಸೌಧವನ್ನು ಹುಡುಕಿ ಹಿಡಿಯಬೇಕು. ಬೆಳ್ಳಂದೂರು ಮತ್ತು ಅದರಿಂದ ನೀರು ಪಡೆಯುವ ವರ್ತೂರು ಕೆರೆಗಳು ಅದೇ ಚಿತ್ರದಲ್ಲಿ ತಾವೇ ಎದ್ದು ಕಾಣುತ್ತವೆ.

ನೀರು ಹೋದ ಮೇಲೂ ಈ ಆಕಾರ ಸುಲಭವಾಗಿ ಅಳಿಯುವುದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದ ಮೇಲೆ ನಿಂತು ನೋಡಿ: ಸುತ್ತ ಕಾಟನ್‌ಪೇಟೆ, ಚಿಕ್ಕಪೇಟೆಯ ಬೀದಿಗಳೆಲ್ಲ ಒತ್ತೊತ್ತಾಗಿರುವಾಗ ನಡುವೆ ಅಷ್ಟು ದೊಡ್ಡ ಬಯಲು ಎಲ್ಲಿಂದ ಬಂತು? ಅದು ಕೆಂಪೇಗೌಡರು ಕಟ್ಟಿಸಿದ ಧರ್ಮಾಂಬುಧಿ ಕೆರೆಯ ಅಂಗಳ. ಪಕ್ಕದ ರಸ್ತೆಗೆ ಇಂದಿಗೂ ಟ್ಯಾಂಕ್ ಬಂಡ್ ರಸ್ತೆ ಎಂದೇ ಹೆಸರು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಕರಗದ ಆಚರಣೆಗಾಗಿ ಉಳಿಸಿಕೊಂಡ ಪುಟ್ಟ ಕೊಳ ಕ್ರೀಡಾಂಗಣದ ಪಕ್ಕದಲ್ಲಿದೆ. ಹತ್ತಿರ ಹೋದರೆ ಉಪಗ್ರಹ ಚಿತ್ರದಲ್ಲೂ ಸಿಗುತ್ತದೆ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಕೋರಮಂಗಲದ ಕೆರೆ 1997ರ ರಾಷ್ಟ್ರೀಯ ಕ್ರೀಡಾಕೂಟದ ಕ್ರೀಡಾಗ್ರಾಮವಾಯಿತು. ಹಳೇ ಊರಿನಲ್ಲಿ ಅಷ್ಟಗಲದ ಬಯಲು ಕಂಡಾಗಲೆಲ್ಲ ಇದು ಮೊದಲು ಏನಾಗಿತ್ತು ಎಂದು ಕೇಳುವುದು ನನಗೆ ಅಭ್ಯಾಸವೇ ಆಗಿದೆ.

ಉತ್ತರ ಹುಡುಕಲು ಎರಡು ಉಪಾಯಗಳಿವೆ. ಒಂದು, ಕಾಲದಲ್ಲಿ ಹಿಂದಕ್ಕೆ ಹೋಗುವುದು. ಲ್ಯಾಂಡ್‌ಸ್ಯಾಟ್ ಚಿತ್ರಗಳ ಭಂಡಾರವನ್ನು ಅಮೆರಿಕ 2008ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ಈಚೆಗೆ ವರ್ಷ ವರ್ಷವೂ ಊರು ಹೊರಕ್ಕೆ ಹಬ್ಬುವುದನ್ನು ನೋಡಬಹುದು. ವೈಟ್‌ಫೀಲ್ಡ್ ಕಡೆ ಒಮ್ಮೆ ಹಾಗೆ ನೋಡಿದವರು ಮರೆಯಲಾರರು. ಇನ್ನೊಂದು, ಎತ್ತರದ ನಕ್ಷೆ. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1ಕ್ಕೆ ಎರಡು ಕ್ಯಾಮೆರಾ, ಒಂದು ತುಸು ಮುಂದಕ್ಕೆ, ಒಂದು ಹಿಂದಕ್ಕೆ ಬಾಗಿದ್ದವು. ಎರಡರ ನೋಟವನ್ನು ಕೂಡಿಸಿ ನೆಲದ ಏರುತಗ್ಗನ್ನು ಲೆಕ್ಕ ಹಾಕಿದ ಕಾರ್ಟೊಡೆಮ್ ನಕ್ಷೆ ಇಸ್ರೊದ ಭುವನ್ ತಾಣದಲ್ಲಿ ಸಿಗುತ್ತದೆ. ಅದರಲ್ಲಿ ಕಟ್ಟಡಗಳ ಗದ್ದಲದ ಕೆಳಗೆ ಕಣಿವೆಗಳು ಮೂಡುತ್ತವೆ. ಪಶ್ಚಿಮಕ್ಕೆ ವೃಷಭಾವತಿ, ಅದರ ನೀರು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಪೂರ್ವಕ್ಕೆ ಕೋರಮಂಗಲ–ಚಲ್ಲಘಟ್ಟ ಕಣಿವೆ, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಬಿದ್ದ ಮಳೆ ಈಗಲೂ ಇದೇ ದಾರಿ ಹಿಡಿಯುತ್ತದೆ, ದಾರಿಯಲ್ಲಿ ಬಡಾವಣೆಯಿರಲಿ, ಟೆಕ್‌ಪಾರ್ಕ್ ಇರಲಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಸುತ್ತ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಬೇಕಾಯಿತಲ್ಲ, ಆ ಭಾಗವನ್ನು ಎತ್ತರದ ನಕ್ಷೆಯಲ್ಲಿ ಒಮ್ಮೆ ನೋಡಿ.

ಅಂಥ ಮಳೆಯ ದಿನಗಳಲ್ಲಿ ಸಾಮಾನ್ಯ ಕ್ಯಾಮೆರಾ ಕುರುಡು. ಆಗ ಕೆಲಸಕ್ಕೆ ಬರುವುದು ರೇಡಾರ್ ಉಪಗ್ರಹಗಳು: ಯುರೋಪಿನ ಸೆಂಟಿನೆಲ್-1, 2022ರಲ್ಲಿ ಹಾರಿದ ನಮ್ಮ ಇಒಎಸ್-04, ಬೆಂಗಳೂರಿನಲ್ಲಿ ಜೋಡಣೆಗೊಂಡು 2025ರ ಜುಲೈನಲ್ಲಿ ಹಾರಿದ ನಾಸಾ–ಇಸ್ರೊ ಜಂಟಿ ಉಪಗ್ರಹ ನಿಸಾರ್. ತಾವೇ ರೇಡಿಯೊ ಅಲೆಗಳನ್ನು ಕಳಿಸಿ ಮರಳಿ ಬಂದದ್ದನ್ನು ಹಿಡಿಯುವುದರಿಂದ ಇವಕ್ಕೆ ಮೋಡವೂ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ಶಾಂತ ನೀರು ಅಲೆಯನ್ನು ಆಚೆಗೆ ಜಾರಿಸಿಬಿಡುತ್ತದೆ, ಹಾಗಾಗಿ ತುಂಬಿದ ಕೆರೆ ಕಪ್ಪಗೆ ಕಾಣುತ್ತದೆ. ಊರೊಳಗಿನ ಬೀದಿಗಳಲ್ಲಿ ಮಾತ್ರ ಲೆಕ್ಕ ತೊಡಕಾಗುತ್ತದೆ. ಬೀದಿಯ ನೀರಿಗೆ ಬಡಿದ ಅಲೆ ಪಕ್ಕದ ಗೋಡೆಗೂ ಬಡಿದು ನೇರ ಉಪಗ್ರಹಕ್ಕೇ ಮರಳುವುದರಿಂದ ಕಪ್ಪಾಗಬೇಕಿದ್ದ ಜಾಗ ಹೊಳೆಯುತ್ತದೆ. ಬೀದಿ ಒಣಗಿದ್ದಾಗಲೂ ಗೋಡೆಗಳ ಈ ಹೊಳಪು ಇದ್ದೇ ಇರುತ್ತದೆ, ನೀರು ನಿಂತಾಗ ಕೊಂಚ ಹೆಚ್ಚುತ್ತದೆ. ಆ ಕೊಂಚವನ್ನು ಬೇರ್ಪಡಿಸಲು ಮಳೆಗೆ ಮುಂಚಿನ ಚಿತ್ರವನ್ನೂ ಆಮೇಲಿನ ಚಿತ್ರವನ್ನೂ ಪಿಕ್ಸೆಲ್ ಪಿಕ್ಸೆಲ್ ಹೋಲಿಸಬೇಕು. ಆ ಕೆಲಸಕ್ಕೆ ಬೇಕಾದ ಸೆಂಟಿನೆಲ್-1ರ ಚಿತ್ರಗಳು ಕೊಪರ್ನಿಕಸ್ ತಾಣದಲ್ಲಿ ಉಚಿತ. ಹೆಸರು ನೋಂದಾಯಿಸಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.