ಸೇನೆ ಬಂದದ್ದು 1950ರಲ್ಲಿ, ಟಿಬೆಟನ್ನರು ಹೊರಟದ್ದು 1959ರಲ್ಲಿ: ನಡುವೆ ಏನಾಯಿತು?

ಪ್ರಶ್ನೆ: ಸಾಗರದಿಂದ ಶಿರಸಿ ಮೇಲೆ ಹುಬ್ಬಳ್ಳಿಗೆ ಹೋಗುವಾಗ ಮುಂಡಗೋಡಿನಲ್ಲಿ ಟಿಬೆಟನ್ನರನ್ನು ನೋಡುತ್ತೇವೆ. ಚೀನಾದ ಸೇನೆ 1950ರಲ್ಲೇ ನುಗ್ಗಿತ್ತಲ್ಲ, ಇವರು ಒಂಬತ್ತು ವರ್ಷ ಯಾಕೆ ತಡೆದರು? ಯುದ್ಧ ಶುರುವಾದರೆ ಜನ ಓಡುವುದಿಲ್ಲವೇ?

ಉತ್ತರ: ಸೈನ್ಯ ಬಂತು ಎಂದಷ್ಟಕ್ಕೇ ಹೆಚ್ಚಿನವರು ಮನೆ ಬಿಡುವುದಿಲ್ಲ. ಗಿಡ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲ ಬಿಟ್ಟರೆ ಬದುಕೇ ಹೋಯಿತು. ಉಳಿಯುವ ದಾರಿ ಒಂದಾದರೂ ಇರುವವರೆಗೆ ಜನ ಉಳಿಯುತ್ತಾರೆ.

ಟಿಬೆಟ್‌ನಲ್ಲೂ ಆದದ್ದು ಇದೇ. 1950ರ ಅಕ್ಟೋಬರಿನಲ್ಲಿ ಪೂರ್ವದ ಚಾಮ್ಡೊ ಚೀನಾದ ವಶವಾಯಿತು. ಮರುವರ್ಷ ಚೀನಾದ ಜೊತೆ ಆದ 17 ಅಂಶಗಳ ಒಪ್ಪಂದದಲ್ಲಿ ದಲೈ ಲಾಮಾ ಅವರ ಸ್ಥಾನಮಾನಕ್ಕೂ ಮಠಗಳಿಗೂ ಧಕ್ಕೆಯಿಲ್ಲ ಎಂಬ ಮಾತು ಸಿಕ್ಕಿತು. ರಾಜಧಾನಿ ಲಾಸಾದ ಸುತ್ತಮುತ್ತ ಆ ಮಾತು ಒಂದಷ್ಟು ಕಾಲ ನಡೆಯಿತು. ಪೂರ್ವದ ಖಾಮ್ ಪ್ರಾಂತದಲ್ಲಿ ಮಾತ್ರ ಚೀನಾ ಸರ್ಕಾರ ಜಮೀನಿಗೂ ಮಠದ ಆಸ್ತಿಗೂ ಕೈಹಾಕಿತು. 1956ರಲ್ಲಿ ಅಲ್ಲಿ ದಂಗೆ ಎದ್ದಿತು, ಲಿಥಾಂಗ್ ಮಠದ ಮೇಲೆ ಬಾಂಬ್ ಬಿತ್ತು. ಆಗ ಖಾಮ್‌ನವರು ಓಡಿದ್ದು ಭಾರತಕ್ಕಲ್ಲ, ಲಾಸಾಕ್ಕೆ. ಸಂಘರ್ಷಗಳಲ್ಲಿ ಮೊದಲ ಓಟ ಸಾಮಾನ್ಯವಾಗಿ ದೇಶದೊಳಗೇ ಇರುತ್ತದೆ. ಗಡಿಯಾಚೆಯವರಿಗೆ ಅದು ಕಾಣುವುದು ಕಡಿಮೆ.

1959ರ ಮಾರ್ಚ್‌ನಲ್ಲಿ ಲಾಸಾವೇ ರಣರಂಗವಾಯಿತು. 17ರ ರಾತ್ರಿ ದಲೈ ಲಾಮಾ ಹೊರಟರು, 31ಕ್ಕೆ ತವಾಂಗ್ ಕಡೆಯಿಂದ ಭಾರತ ತಲುಪಿದರು. ಖಾಮ್‌ನಿಂದ ಓಡಿಬಂದವರಿಗೆ ಓಡಲು ಇನ್ನೊಂದು ಊರು ಉಳಿದಿರಲಿಲ್ಲ. ದಲೈ ಲಾಮಾ ಅವರ ಹಿಂದೆ ಸುಮಾರು 80,000 ಜನ ಹಿಮಾಲಯ ದಾಟಿದರು. ಅಲ್ಲಿಂದಲೂ ನೇರ ಇಲ್ಲಿಗಲ್ಲ: ಅಸ್ಸಾಮಿನ ಮಿಸ್ಸಮಾರಿ ಶಿಬಿರದ ಸೆಕೆ, ಗುಡ್ಡಗಾಡಿನಲ್ಲಿ ರಸ್ತೆ ಕೂಲಿ, ಆಮೇಲೆ 1960ರಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡು.

ಕಾಯುವ ಅವಕಾಶವೇ ಇಲ್ಲದಿದ್ದಾಗ ಚಿತ್ರ ಬೇರೆ. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಹಳ್ಳಿಗಳಿಗೇ ಬೆಂಕಿ ಬಿತ್ತು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಬಂದರು. ಗಡಿಯೂ ಹತ್ತಿರವಿತ್ತು.

ಹಾಗಾದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆ ಮುಳುಗಿದ ನಮ್ಮವರೂ ನಿರಾಶ್ರಿತರೇ? ನಷ್ಟ ಕಡಿಮೆಯೇನಲ್ಲ, ಆದರೆ ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದ ಕೇಳುವುದು ಎರಡು: ಜನಾಂಗ, ಧರ್ಮ, ರಾಜಕೀಯ ನಿಲುವು ಮುಂತಾದ ಕಾರಣಕ್ಕೆ ಕಿರುಕುಳದ ಭಯ ಇರಬೇಕು, ದೇಶದ ಗಡಿಯನ್ನೂ ದಾಟಿರಬೇಕು. ಅಂದಹಾಗೆ, ಭಾರತ ಇದಕ್ಕೆ ಸಹಿಯನ್ನೇ ಹಾಕಿಲ್ಲ. ಮುಂಡಗೋಡಿನ ಟಿಬೆಟನ್ನರು ನಮ್ಮ ಕಾನೂನಿನ ಲೆಕ್ಕದಲ್ಲಿ ವಿದೇಶಿಯರು, ನೋಂದಣಿ ಪತ್ರ ಆಗಾಗ ನವೀಕರಿಸುತ್ತಿರಬೇಕು. 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಇಲ್ಲೇ ಹುಟ್ಟಿದವರ ವಿಷಯ ಬೇರೆ. ಪೌರತ್ವ ಕಾಯ್ದೆಯ ಪ್ರಕಾರ ಅವರು ಹುಟ್ಟಿನಿಂದಲೇ ಭಾರತೀಯರು.