ಅಕ್ಷಯನೀವಿಯಿಂದ ಐವತ್ತು ಗಂಟೆಗಳವರೆಗೆ: ವೃತ್ತಿಸಂಘಗಳು ಸೇವಾಸಂಸ್ಥೆಗಳಿಗೆ ಹೆಗಲು ಕೊಟ್ಟ ಬಗೆ

ವಕೀಲರು, ಲೆಕ್ಕ ಪರಿಶೋಧಕರು, ಎಂಜಿನಿಯರುಗಳು ತಮ್ಮತಮ್ಮಲ್ಲಿ ಕಟ್ಟಿಕೊಂಡ ಸಂಘವೊಂದು ಅಲ್ಲಿಯದೇ ಅನಾಥಾಲಯಕ್ಕೋ ವೃದ್ಧಾಶ್ರಮಕ್ಕೋ ನೆರವಾಗುವುದು ಎಲ್ಲೆಡೆ ಕಾಣುವ ಸಂಗತಿ. ವೇದಿಕೆಯ ಮೇಲೆ ಚೆಕ್ ಹಸ್ತಾಂತರವಾಗುತ್ತದೆ, ನಾಲ್ಕು ಒಳ್ಳೆಯ ಮಾತುಗಳಾಗುತ್ತವೆ. ಆದರೆ ಮರುದಿನವೂ ಆ ಸಂಸ್ಥೆಯ ಅಡುಗೆಮನೆಯಲ್ಲಿ ಒಲೆ ಉರಿಯಬೇಕು, ತಿಂಗಳು ತುಂಬುವ ಹೊತ್ತಿಗೆ ಆಯಾಗಳ ಸಂಬಳ ಕೈಸೇರಬೇಕು. ನೆರವು ಈ ದಿನವಹಿ ಖರ್ಚಿನ ಮಟ್ಟಕ್ಕೆ ಇಳಿಯುತ್ತದೆಯೇ ಎಂಬ ಪ್ರಶ್ನೆ ಹೊಸದಲ್ಲ. ಹಿಂದಿನವರು ಅದಕ್ಕೆ ನಮಗಿಂತ ಗಟ್ಟಿಯಾದ ಉತ್ತರ ಕಂಡುಕೊಂಡಿದ್ದರೆಂದೇ ನನ್ನ ಅಭಿಪ್ರಾಯ.

ಕುಷಾಣ ದೊರೆ ಹುವಿಷ್ಕನ ಕಾಲದ ಮಥುರೆಯ ಶಾಸನವೊಂದು ಇದಕ್ಕೆ ಸಾಕ್ಷಿ. ಕುಷಾಣ ಶಕೆಯ 28ನೆಯ ವರ್ಷದ, ಅಂದರೆ ಸುಮಾರು ಕ್ರಿ.ಶ. 2ನೆಯ ಶತಮಾನದ ಈ ಶಾಸನದಂತೆ, ದಾನಿಯೊಬ್ಬ ಪುಣ್ಯಶಾಲೆಯೊಂದಕ್ಕಾಗಿ, ಅಂದರೆ ಧರ್ಮಛತ್ರವೊಂದಕ್ಕಾಗಿ, ಎರಡು ಶ್ರೇಣಿಗಳಲ್ಲಿ (ಕಸುಬಿನವರ ಸಂಘಗಳಲ್ಲಿ) ತಲಾ 550 ‘ಪುರಾಣ’ ಎಂಬ ನಾಣ್ಯಗಳನ್ನು ಅಕ್ಷಯನೀವಿಯಾಗಿ, ಎಂದೂ ಕರಗದ ಮೂಲಧನವಾಗಿ, ಇರಿಸಿದ. ಅವುಗಳಲ್ಲೊಂದು ಹಿಟ್ಟು ತಯಾರಿಸುವವರ ಶ್ರೇಣಿ. ಬಡ್ಡಿಯಿಂದ ತಿಂಗಳಿಗೊಮ್ಮೆ ನೂರು ಬ್ರಾಹ್ಮಣರಿಗೆ ಊಟವಾಗಬೇಕಿತ್ತು. ಅದಲ್ಲದೆ ಪುಣ್ಯಶಾಲೆಯ ಬಾಗಿಲಲ್ಲಿ ಪ್ರತಿದಿನವೂ ಹಿಟ್ಟು, ಉಪ್ಪು, ಸೊಪ್ಪು ಇಟ್ಟು ದಿಕ್ಕಿಲ್ಲದವರಿಗೆ, ಹಸಿದವರಿಗೆ, ಬಾಯಾರಿದವರಿಗೆ ಕೊಡಬೇಕೆಂದು ಅಳತೆಯ ಸಮೇತ ಕೊರೆಯಲಾಗಿದೆ. ಕಲ್ಲಿನ ಮೇಲೆ ಉಪ್ಪಿನ ಅಳತೆಯನ್ನೂ ಬರೆಸಿದವನಿಗೆ ಹಸಿವು ದಿನದಿನದ್ದು ಎಂಬುದು ಚೆನ್ನಾಗಿ ಗೊತ್ತಿತ್ತು. ವ್ಯಕ್ತಿ ಸಾಯುತ್ತಾನೆ, ಕಸುಬಿನವರ ಶ್ರೇಣಿ ಉಳಿಯುತ್ತದೆ ಎಂಬ ನಂಬಿಕೆಯಿಂದಲೇ ಹಣ ಅವರ ವಶಕ್ಕೆ ಹೋಯಿತು.

ಇಟಲಿಯ ಫ್ಲಾರೆನ್ಸಿನಲ್ಲಿ ಇದೇ ನಂಬಿಕೆ ಇನ್ನೊಂದು ರೂಪ ತಳೆಯಿತು. ಪ್ರಾಟೊ ಪಟ್ಟಣದ ವರ್ತಕ ಫ್ರಾನ್ಚೆಸ್ಕೊ ದಾತೀನಿ 1410ರಲ್ಲಿ ತೀರಿಕೊಂಡಾಗ, ಹೆತ್ತವರು ತೊರೆದ ಮಕ್ಕಳ ಆಸರೆಗೆಂದು 1,000 ಫ್ಲಾರಿನ್ ಚಿನ್ನದ ನಾಣ್ಯ ಬಿಟ್ಟುಹೋಗಿದ್ದ. 1419ರಲ್ಲಿ ರೇಷ್ಮೆ ಕಸುಬಿನವರ ಸಂಘ ಆ ಕೆಲಸಕ್ಕೆ ಕೈಹಾಕಿ, ತನ್ನದೇ ಸದಸ್ಯನಾಗಿದ್ದ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿಗೆ ಕಟ್ಟಡದ ವಿನ್ಯಾಸವನ್ನು ವಹಿಸಿತು. ಅಕ್ಕಸಾಲಿಗರೂ ಆ ಸಂಘಕ್ಕೇ ಸೇರುತ್ತಿದ್ದರು, ಅವನು ಮೂಲತಃ ಅಕ್ಕಸಾಲಿಗ. ಮೊದಲ ಮಗು ಅಲ್ಲಿಗೆ ಬಂದದ್ದು 1445ರ ಫೆಬ್ರವರಿಯಲ್ಲಿ, ಸಂತ ಅಗಾತಳ ಹಬ್ಬದ ದಿನ. ಆ ಹೆಣ್ಣುಕೂಸಿಗೆ ಅಗಾತ ಎಂದೇ ಹೆಸರಿಟ್ಟರು. ಮುಂದೆ ಎಂದಾದರೂ ಗುರುತು ಹಿಡಿದು ಕರೆದೊಯ್ಯುವ ಆಸೆಯಿಂದ ಹೆತ್ತವರು ಮಕ್ಕಳ ಜೊತೆ ಬಿಟ್ಟುಹೋಗುತ್ತಿದ್ದ ಅರ್ಧ ತುಂಡರಿಸಿದ ಪದಕಗಳು ಆ ಸಂಸ್ಥೆಯ ಸಂಗ್ರಹಾಲಯದಲ್ಲಿ ಇಂದಿಗೂ ಇವೆ. 1770ರಲ್ಲಿ ಫ್ಲಾರೆನ್ಸಿನ ಕಸುಬಿನ ಸಂಘಗಳೇ ರದ್ದಾದವು, ಮಕ್ಕಳ ಮನೆ ಮಾತ್ರ ಉಳಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ನೆರವಿನ ಸ್ವರೂಪವೇ ಬದಲಾಯಿತು. ಹಣದ ಜೊತೆಗೆ ವೃತ್ತಿಯ ವಿದ್ಯೆಯೂ ದಾನದ ವಸ್ತುವಾಯಿತು. 1876ರಲ್ಲಿ ನ್ಯೂಯಾರ್ಕಿನಲ್ಲಿ ಜರ್ಮನ್ ವಲಸಿಗರಿಗಾಗಿ ಹುಟ್ಟಿದ ಕಾನೂನು ನೆರವಿನ ಸಂಘವಾಗಲಿ, 1898ರಲ್ಲಿ ಲಂಡನ್ನಿನ ಟಾಯ್ನ್‌ಬೀ ಹಾಲ್ ಎಂಬ ಸೇವಾಕೇಂದ್ರದಲ್ಲಿ ಆರಂಭವಾದ ಉಚಿತ ಕಾನೂನು ಸಲಹೆಯಾಗಲಿ ಈ ತಿರುವಿನ ಫಲ. ಬೇರೆಬೇರೆ ವೃತ್ತಿಯವರನ್ನು ಕೂಡಿಸಿ 1905ರಲ್ಲಿ ಶಿಕಾಗೊದಲ್ಲಿ ಹುಟ್ಟಿದ ರೋಟರಿ ಕೂಡ ಮೊದಲಿಗೆ ಸದಸ್ಯರ ಪರಸ್ಪರ ಅನುಕೂಲಕ್ಕಿದ್ದ ಕೂಟವೇ. ಊರಿನ ಕೆಲಸಕ್ಕೆ ಅದು ಹೊರಳಿದ್ದು ಸಾರ್ವಜನಿಕ ಶೌಚಾಲಯದ ಬೇಡಿಕೆಯ ಮೂಲಕ. ಅಮೆರಿಕದ ವಕೀಲರ ಸಂಘ 1993ರಲ್ಲಿ ತನ್ನ ಮಾದರಿ ನಿಯಮವನ್ನು ತಿದ್ದಿ, ಪ್ರತಿ ವಕೀಲರೂ ವರ್ಷಕ್ಕೆ ಕನಿಷ್ಠ 50 ಗಂಟೆ ಸಾರ್ವಜನಿಕ ಹಿತದ ಕೆಲಸ ಮಾಡಲು ಯತ್ನಿಸಬೇಕು, ಅದರ ಬಹುಪಾಲು ಬಡವರಿಗೋ ಬಡವರಿಗಾಗಿ ದುಡಿಯುವ ಸಂಸ್ಥೆಗಳಿಗೋ ಸಲ್ಲಬೇಕು ಎಂದಿತು. ಇದು ಕಡ್ಡಾಯವಲ್ಲ, ಅಪೇಕ್ಷೆ ಮಾತ್ರ.

ಸಣ್ಣ ಸೇವಾಸಂಸ್ಥೆಯೊಂದರ ಕಚೇರಿಯಲ್ಲಿ ಈ ಗಂಟೆಗಳ ಬೆಲೆ ತಿಳಿಯುತ್ತದೆ. ಲೆಕ್ಕ ಪರಿಶೋಧಕರೊಬ್ಬರು ರಟ್ಟಿನ ಡಬ್ಬಿಯಲ್ಲಿ ತುಂಬಿಟ್ಟ ರಸೀದಿಗಳನ್ನು ಒಂದೊಂದಾಗಿ ಬಿಡಿಸಿ, ಔಷಧಿಯದನ್ನು ಒಂದು ಕಡೆ, ಬಾಡಿಗೆಯದನ್ನು ಇನ್ನೊಂದು ಕಡೆ ಜೋಡಿಸಿ, ವರ್ಷದ ಲೆಕ್ಕಪತ್ರ ಸಿದ್ಧಪಡಿಸಿಕೊಟ್ಟರೆ, ಆ ಪತ್ರದ ಬಲದಿಂದ ಸಂಸ್ಥೆ ಮುಂದಿನ ಅನುದಾನಕ್ಕೆ ಅರ್ಜಿ ಹಾಕಬಲ್ಲದು. ಆದರೆ ಮರುವರ್ಷ ಅವರು ಬಾರದಿದ್ದರೆ ರಸೀದಿಗಳು ಮತ್ತೆ ಡಬ್ಬಿ ಸೇರುತ್ತವೆ. ಶ್ರೇಣಿಗಳಲ್ಲಿದ್ದು ಇಂದಿನ ವ್ಯವಸ್ಥೆಯಲ್ಲಿ ತೆಳುವಾಗಿರುವುದು ಈ ಮುಂದುವರಿಕೆಯೇ. ಹಣ ಕೊಡುವ ಸಂಘಗಳಲ್ಲೂ ಹೆಚ್ಚಿನವು ಹೊಸ ಯೋಜನೆಗೆ, ಹೆಸರು ಕೆತ್ತಬಹುದಾದ ಕೋಣೆಗೆ ಸುಲಭವಾಗಿ ಒಪ್ಪುತ್ತವೆ. ಬಾಡಿಗೆ, ಸಂಬಳ, ವಿದ್ಯುತ್ ಬಿಲ್ಲಿನ ಮಾತು ಬಂದರೆ ಹಿಂಜರಿಯುತ್ತವೆ. ಈ ಹಿಂಜರಿಕೆ ತಪ್ಪೆಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಸಂಘವು ಒಬ್ಬ ಸದಸ್ಯರ ಉತ್ಸಾಹಕ್ಕೆ ಕೆಲಸವನ್ನು ಬಿಡದೆ, ತನ್ನದೇ ಠರಾವಿನಲ್ಲಿ ಮೂರು ವರ್ಷದ ದಿನವಹಿ ಖರ್ಚಿಗೆ ಇಷ್ಟು ಹಣ, ಇಷ್ಟು ಗಂಟೆ ಎಂದು ಬರೆದುಕೊಂಡು, ಒಬ್ಬರು ಬಿಟ್ಟ ಜಾಗಕ್ಕೆ ಇನ್ನೊಬ್ಬರನ್ನು ನೇಮಿಸುವ ಹೊಣೆಯನ್ನೂ ಹೊತ್ತರೆ, ಸಂಸ್ಥೆಯ ಮೇಲ್ವಿಚಾರಕರು ಮುಂದಿನ ತಿಂಗಳ ದಿನಸಿಯ ಪಟ್ಟಿಯನ್ನು ನಿಶ್ಚಿಂತೆಯಿಂದ ಬರೆಯಬಹುದು.