ನಲವತ್ತು ಅಡಿ ಕೆಳಗೆ ಒಂದು ಬಲೆ

ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳ ಗರಡಿಯನ್ನು ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ. ಕಬ್ಬಿಣದ ಬಳೆಯ ಸುತ್ತ ಕೊಕ್ಕೆಗಳು ಜೋತಾಡುವ ಸಾಮಾನು ಅದು. ಒಬ್ಬರ ಮನೆಯಲ್ಲಿದ್ದರೆ ಇಡೀ ಓಣಿಗೆ ಸಾಕಾಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಅದನ್ನು ನಾನು ಮತ್ತೆ ನೋಡಿದ್ದು ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆ, ತುಂಗಭದ್ರಾ ಹಿನ್ನೀರಿನಲ್ಲಿ, ಒಂದು ಹರಿಗೋಲಿನೊಳಗೆ.

ಪರಿಚಯದ ಕಾಕಾ ಒಬ್ಬರ ಬಲೆ ರಾತ್ರೋರಾತ್ರಿ ಕಾಣೆಯಾಗಿತ್ತು. ನೀರೊಳಗೆ ಗೋಡೆಯ ಹಾಗೆ ನಿಲ್ಲುವ ನೈಲಾನ್ ಬಲೆ. ಮೇಲಂಚಿಗೆ ಖಾಲಿ ನೀರಿನ ಬಾಟಲಿಗಳು, ಕೆಳಂಚಿಗೆ ಸೀಸದ ಗುಂಡು, ತುದಿಗೆ ಹಗ್ಗ ಕಟ್ಟಿದ ಕಲ್ಲು. ಮಳೆಗಾಲದ ಹೊಸ ನೀರು ಬಂದಿತ್ತು. ಅದರ ಜೊತೆ ತೇಲಿ ಬಂದ ಕಸಕಡ್ಡಿ ಬಲೆಗೆ ಸಿಕ್ಕಿ, ಕಲ್ಲು ಜಾರಿ, ಎಲ್ಲಾ ಹಳೆಯ ಹೊಳೆಯ ಗುಂಡಿಗೆ ಇಳಿದಿರಬೇಕು ಅಂತ ಕಾಕಾ ಲೆಕ್ಕ ಹಾಕಿದರು. ಅಲ್ಲಿ ಆಳ ಸುಮಾರು 40 ಅಡಿ.

ನನ್ನ ಪ್ರಶ್ನೆ ಒಂದೇ. ಬಾಟಲಿ ತೇಲುವ ವಸ್ತು, ಮೇಲೆ ಬರಬೇಕಿತ್ತು ಅಲ್ವಾ?

ಇಲ್ಲೇ ಇರೋದು ಮಜಾ. ನೀರಿನಲ್ಲಿ 33 ಅಡಿ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಒತ್ತಡ ಎರಡರಷ್ಟಾದರೆ ಬಾಟಲಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ತೆಳು ಪ್ಲಾಸ್ಟಿಕ್ ಅದನ್ನು ತಡೆಯುವುದಿಲ್ಲ, ಸುಮ್ನೆ ಮುದುಡಿಕೊಳ್ಳುತ್ತದೆ. ಒಂದು ಲೀಟರ್ ಬಾಟಲಿ ಮೇಲ್ಮಟ್ಟದಲ್ಲಿ ಹೆಚ್ಚುಕಮ್ಮಿ ಒಂದು ಕೆ.ಜಿ. ಭಾರ ಎತ್ತಿಹಿಡಿಯುತ್ತದೆ. 40 ಅಡಿಯಲ್ಲಿ ಅರ್ಧ ಕೆ.ಜಿ.ಯನ್ನೂ ಎತ್ತಲಾರದು. ಇಳಿದಷ್ಟೂ ಶಕ್ತಿ ಕಮ್ಮಿ, ಶಕ್ತಿ ಕಮ್ಮಿಯಾದಷ್ಟೂ ಇನ್ನೂ ಕೆಳಕ್ಕೆ. ಗಟ್ಟಿ ಪ್ಲಾಸ್ಟಿಕ್ಕಿನ ತೇಲುಗುಂಡಿಗೆ ಈ ಗತಿ ಇಲ್ಲ, ಆದರೆ ಅದಕ್ಕೆ ದುಡ್ಡು ಕೊಡಬೇಕು. ಬಾಟಲಿ ಪುಕ್ಕಟೆ.

ನೈಲಾನ್ ಅಂತೂ ತೇಲುವುದೇ ಇಲ್ಲ. ಅದು ನೀರಿಗಿಂತ 1.14 ಪಟ್ಟು ಭಾರ. ದಡದಲ್ಲಿ ಒಂದು ಕೆ.ಜಿ. ತೂಗುವ ನೈಲಾನ್ ನೀರೊಳಗೆ ಬರೀ 120 ಗ್ರಾಂ ತೂಗುತ್ತದೆ, ಆದರೂ ಮುಳುಗುತ್ತದೆ. ಸೀಸವೋ ನೀರಿಗಿಂತ 11 ಪಟ್ಟಿಗೂ ಜಾಸ್ತಿ ಭಾರ. ಹಾಗಾಗಿ ಮುಳುಗಿದ ಬಲೆ ಕಸಕಡ್ಡಿಯ ಹಾಗೆ ಊರೂರು ತಿರುಗುವುದಿಲ್ಲ, ಇಳಿದಲ್ಲಿ ಕೂರುತ್ತದೆ. ಕಾಕಾ ಇದನ್ನೇ ಅವರ ಮಾತಲ್ಲಿ ಹೇಳಿದರು: "ಬಲಿ ಎಲ್ಲೂ ಹೋಗಿರಂಗಿಲ್ಲ ತಮ್ಮಾ, ನಾವ ಸರಿದಿರ್ತೀವಿ."

ಸರಿಯುವುದು ಎಷ್ಟು? ಗಾಳಿ ಹರಿಗೋಲನ್ನು ಗಂಟೆಗೆ ಒಂದೇ ಕಿ.ಮೀ. ವೇಗದಲ್ಲಿ ತಳ್ಳಿತು ಅಂತಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ ಸುಮಾರು 167 ಮೀಟರ್ ಆಯಿತು. ಯಾವ ದಿಕ್ಕು ಅಂತ ಗೊತ್ತಿಲ್ಲದಿದ್ದರೆ ಹುಡುಕಬೇಕಾದ ಜಾಗ 20 ಎಕರೆಗೂ ಜಾಸ್ತಿ! ಅದಕ್ಕೇ ಕಾಕಾ ಬಲೆ ಬಿಡುವಾಗಲೇ ದಡದ ಕಡೆ ಎರಡು ಸಲ ಕಣ್ಣು ಹಾಯಿಸಿರುತ್ತಾರೆ. ಒಂದು ಕಡೆ ಮೊಬೈಲ್ ಟವರ್, ಅದರ ಹಿಂದೆ ಸರಿಯಾಗಿ ಗುಡ್ಡದ ತುದಿ. ಇನ್ನೊಂದು ಕಡೆ ಒಂಟಿ ಬೇವಿನ ಮರ, ಅದರ ಹಿಂದೆ ನೀರಿನ ಟ್ಯಾಂಕ್. ಎರಡೂ ಜೋಡಿ ಒಟ್ಟಿಗೆ ಸಾಲಾಗಿ ಕಾಣುವ ಜಾಗ ನೀರಿನ ಮೇಲೆ ಒಂದೇ ಒಂದು. ಹತ್ತು ಮೀಟರ್ ಆಚೀಚೆ ತಪ್ಪಿದರೂ ಹುಡುಕಬೇಕಾದದ್ದು ಮೂರು ಗುಂಟೆ ಮಾತ್ರ. ಮೊಬೈಲಿನ ಜಿಪಿಎಸ್ ಬಯಲಲ್ಲಿ ಐದು ಮೀಟರಿನಷ್ಟು ಹತ್ತಿರ ತೋರಿಸುತ್ತದೆ ಅಂತ ಹೇಳಿದೆ. ಕಾಕಾ ನಕ್ಕರು. ಒದ್ದೆ ಕೈಯಲ್ಲಿ ಅದನ್ನು ಒತ್ತುವುದು ಹೇಗೆ ಅಂತ ಕೇಳಿದರು.

ಗರಡಿ ಎಳೆಯುವುದಕ್ಕೂ ರೀತಿ ಇದೆ. ಬಾವಿಯಲ್ಲಿ ನೇರ ಇಳಿಬಿಟ್ಟು ಆಡಿಸುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಹಗ್ಗ ಕೊಕ್ಕೆಯನ್ನು ಮೇಲಕ್ಕೇ ಎತ್ತುತ್ತದೆ, ಅದು ತಳದ ಮೇಲೆ ಕುಣಿಯುತ್ತಾ ಬರುತ್ತದೆ. ಆಳದ ಮೂರು ಪಟ್ಟು ಹಗ್ಗ ಬಿಟ್ಟರೆ ಎಳೆತ ಅಡ್ಡಡ್ಡ ಬೀಳುತ್ತದೆ, ಕೊಕ್ಕೆ ಕೆಸರನ್ನು ಕೆರೆಯುತ್ತಾ ಬರುತ್ತದೆ. ಬಲೆ ಬಿಟ್ಟಿದ್ದು ಪೂರ್ವ ಪಶ್ಚಿಮವಾದರೆ ಎಳೆಯಬೇಕಾದ್ದು ಉತ್ತರ ದಕ್ಷಿಣ. ಬಲೆಯ ಉದ್ದಕ್ಕೇ ಎಳೆದರೆ ಪಕ್ಕದಲ್ಲೇ ಹಾದುಹೋಗಿಬಿಡಬಹುದು.

ತಡ ಮಾಡುವಂತಿಲ್ಲ. ಈ ಜಲಾಶಯದಲ್ಲಿ ಹೂಳು ಬಹಳ. 1953ರ ಹೊತ್ತಿಗೆ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದದ್ದು ಈಗ 105 ಚಿಲ್ಲರೆಗೆ ಇಳಿದಿದೆ. ಸೀಸದ ಅಂಚು ಹೂಳಿನಲ್ಲಿ ಹುದುಗಿದರೆ ಕೊಕ್ಕೆಗೆ ಸಿಗುವುದು ಕಷ್ಟ. ಇನ್ನೊಂದು ಕಾರಣವೂ ಇದೆ. ಯಜಮಾನ ಇಲ್ಲದಿದ್ದರೂ ಬಲೆ ಮೀನು ಹಿಡಿಯುತ್ತಲೇ ಇರುತ್ತದೆ. ಸಿಕ್ಕಿ ಸತ್ತ ಮೀನು ತಿನ್ನಲು ಬಂದದ್ದೂ ಸಿಕ್ಕಿಕೊಳ್ಳುತ್ತದೆ. ನೈಲಾನ್ ಕೊಳೆಯುವುದಿಲ್ಲ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನೀರುನಾಯಿ ಉಸಿರಿಗೆ ಮೇಲೆ ಬರಲೇಬೇಕು. ಇಂಥ ಬಲೆಗೆ ಸಿಕ್ಕರೆ ಮುಳುಗಿಯೇ ಸಾಯುತ್ತದೆ. ಸಮುದ್ರದಲ್ಲಿ ಏಡಿ ಹಿಡಿಯುವ ಬೋನುಗಳ ಬಾಗಿಲನ್ನು ಕೆಲವು ದೇಶಗಳಲ್ಲಿ ಹತ್ತಿಯ ದಾರದಿಂದಲೇ ಕಟ್ಟಬೇಕು. ಬೋನು ಕಳೆದುಹೋದರೆ ದಾರ ಕೊಳೆತು ಬಾಗಿಲು ತಾನೇ ತೆರೆದುಕೊಳ್ಳಲಿ ಅಂತ. ಯಾರ ತಲೆಗೆ ಹೊಳೆಯಿತೋ, ಬಲು ಚೆಂದದ ಉಪಾಯ.

ಮೊದಲ ಸಲ ಗರಡಿ ಸಿಕ್ಕಿಕೊಂಡಾಗ ನಾನು ಕೂಗಿಯೇ ಬಿಟ್ಟೆ. ಕಾಕಾ ತಲೆ ಅಲ್ಲಾಡಿಸಿದರು. ಹಗ್ಗ ಕಂಬಿಯ ಹಾಗೆ ಬಿಗಿಯಾಗಿ, ಹರಿಗೋಲೇ ವಾಲತೊಡಗಿತ್ತು. ಅದು ಮುಳುಗಿದ ಮರದ ಬೊಡ್ಡೆ. ಅಂಥಾ ಹೊತ್ತಲ್ಲಿ ಹಟ ಹಿಡಿದು ಜಗ್ಗಿದರೆ ಹರಿಗೋಲು ಮಗುಚುತ್ತದೆ. ಹಗ್ಗ ಸಡಿಲ ಬಿಟ್ಟು, ಆಚೆ ಕಡೆಯಿಂದ ಎಳೆದು ಬಿಡಿಸಿಕೊಂಡರು. ನೀರಿಗೆ ಹಾರಿ ಬಿಡಿಸುತ್ತೇನೆ ಅನ್ನುವ ಹುಡುಗರೂ ಇದ್ದಾರೆ. ಬಲೆ ಇರುವ ಕೆಂಪು ನೀರಿಗೆ ಇಳಿಯುವಂಥ ಹುಚ್ಚು ಬೇರೆ ಇಲ್ಲ.

ನಾಲ್ಕನೇ ಸಲ ಹಗ್ಗ ಬೇರೆ ಥರ ಭಾರವಾಯಿತು. ಒದ್ದೆ ಕಂಬಳಿ ಎಳೆದ ಹಾಗೆ ಬಿಗಿಯಾಗುತ್ತದೆ, ಸ್ವಲ್ಪ ಬರುತ್ತದೆ, ಮತ್ತೆ ಬಿಗಿಯಾಗುತ್ತದೆ. ಕಾಕಾ ಮಾತಿಲ್ಲದೆ ಒಂದೊಂದೇ ಮೊಳ ಸೇದಿದರು. ಬಲೆಯ ಅಂಚು ನೀರು ಬಿಟ್ಟು ಮೇಲೆ ಬಂದ ಕ್ಷಣ ಭಾರ ಒಮ್ಮೆಲೇ ಏರಿತು, ಇಬ್ಬರೂ ಸೇರಿ ಹಿಡಿಯಬೇಕಾಯಿತು. ಕೆಸರು, ಕಡ್ಡಿ, ಒಂದಷ್ಟು ಸತ್ತ ಮೀನು. ಅದರ ಹಿಂದೆಯೇ ಮೊದಲ ಬಾಟಲಿ ಕಾಣಿಸಿತು. ಮುಚ್ಚಳ ಭದ್ರವಾಗಿತ್ತು. ಮೇಲೆ ಬರುತ್ತಾ ಬರುತ್ತಾ ಅದು ಟಪ್ ಟಪ್ ಅಂತ ಸದ್ದು ಮಾಡಿ ಉಬ್ಬಿಕೊಂಡಿತು, ಮೈತುಂಬ ಸುಕ್ಕು ಮಾತ್ರ ಉಳಿದಿತ್ತು.